ಉಸಿರು ಒಳಗೆಳೆದುಕೊಳ್ಳುವ ಪೀಪಿ

ಮೌತ್ ಆರ್ಗನ್ ಅಂದರೆ ನಮ್ಮ ಕಡೆ ಅರ್ಧ ವಾದ್ಯ, ಅರ್ಧ ಆಟದ ಸಾಮಾನು. ಜಾತ್ರೆಯಲ್ಲಿ ಬಲೂನು, ಪೀಪಿ, ಪ್ಲಾಸ್ಟಿಕ್ ವಾಚಿನ ಪಕ್ಕದಲ್ಲೇ ಅದೂ ತೂಗಾಡುತ್ತಿರುತ್ತದೆ. ನನ್ನ ವಯಸ್ಸಿನವರಿಗೆ ಅದರ ಜೊತೆ ‘ಶೋಲೆ’ಯ ಜೈ ಕೂಡ ಅಂಟಿಕೊಂಡಿದ್ದಾನೆ. ಕತ್ತಲಾಗುವ ಹೊತ್ತಿಗೆ ಒಬ್ಬನೇ ಕೂತು ಊದುತ್ತಾನಲ್ಲ, ಅದು. ಆ ಬಂಡೆಗಳು ನಮ್ಮ ರಾಮನಗರದವು ಅನ್ನುವ ಹೆಮ್ಮೆ ಬೇರೆ. ಹಾಗಾಗಿ ನಲವತ್ತು ದಾಟಿದ ಮೇಲೆ ಬ್ಲೂಸ್ ಅನ್ನುವ, ಅಮೆರಿಕದ ಕಪ್ಪು ಜನರ ಸಂಗೀತದ ಹುಚ್ಚು ಹಿಡಿದು, ಒಂದು ಮೌತ್ ಆರ್ಗನ್ ತಗೋತೀನಿ ಅಂದಾಗ ಮನೆಯಲ್ಲಿ ಯಾರೂ ತಕರಾರು ಮಾಡಲಿಲ್ಲ. ಗಿಟಾರ್ ಅಂದಿದ್ದರೆ ಎಲ್ಲಿಡ್ತೀರಿ ಅನ್ನುವ ಪ್ರಶ್ನೆ ಬರುತ್ತಿತ್ತು. ಇದು ಜೇಬಿಗೆ ಹೋಗುವ ವಸ್ತು. ಎಷ್ಟು ಮಹಾ ಆದೀತು!

ಮೊದಲು ತಂದದ್ದು ದೊಡ್ಡದು. ಎರಡು ಸಾಲು, ಸಾಲಿಗೆ ಇಪ್ಪತ್ನಾಲ್ಕು ತೂತು, ಥಳಥಳ ಹೊಳೆಯುವ ಮುಚ್ಚಳ. ತೂತು ಜಾಸ್ತಿ ಇದ್ದರೆ ಸ್ವರವೂ ಜಾಸ್ತಿ ಅನ್ನುವುದು ನನ್ನ ಲೆಕ್ಕ. ಊದಿದರೆ ಎಂಥ ಸೊಗಸು ಅಂತೀರಿ, ಹಳೇ ಸಿನಿಮಾ ಹಾಡಿನ ಹಾಗೆ ಸಣ್ಣಗೆ ನಡುಗುವ ದನಿ. ಆದರೆ ಬ್ಲೂಸ್‌ನಲ್ಲಿ ಸ್ವರ ಕೆಳಕ್ಕೆ ಜಾರಬೇಕು, ನರಳಬೇಕು. ಅದನ್ನು ಬೆಂಡ್ ಅನ್ನುತ್ತಾರೆ. ಮೂರು ವಾರ ಎಳೆದೆ. ಕೆನ್ನೆ ನೋವು ಬಂತು, ಬೆಂಡ್ ಬರಲಿಲ್ಲ. ಆಮೇಲೆ ಗೊತ್ತಾಯಿತು, ಅದು ಟ್ರೆಮೊಲೊ. ರೀಡ್ ಅಂದರೆ ಉಸಿರಿಗೆ ಅದುರಿ ದನಿ ಕೊಡುವ ಲೋಹದ ಪಟ್ಟಿ. ಅದರಲ್ಲಿ ಒಂದೊಂದು ಸ್ವರಕ್ಕೂ ಎರಡೆರಡು ರೀಡ್, ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಶ್ರುತಿ ತಪ್ಪಿಸಿ ಕೂರಿಸಿರುತ್ತಾರೆ, ಆ ನಡುಕ ಬರುವುದು ಅದರಿಂದ. ಪ್ರತಿ ರೀಡಿಗೂ ಅದರದ್ದೇ ಗೂಡು. ಬೆಂಡ್ ಆಗಬೇಕಾದರೆ ಒಂದೇ ಗೂಡಿನಲ್ಲಿ ಊದುವ ರೀಡೂ ಎಳೆಯುವ ರೀಡೂ ಅಕ್ಕಪಕ್ಕ ಇರಬೇಕು. ನಾನು ಮೂರು ವಾರ ಗೋಡೆಗೆ ತಲೆ ಚಚ್ಚಿಕೊಂಡಿದ್ದೆ ಅಷ್ಟೆ.

ಬ್ಲೂಸ್‌ಗೆ ಬೇಕಾದದ್ದು ಸಣ್ಣದು. ಹತ್ತೇ ತೂತು, ಇಪ್ಪತ್ತು ರೀಡು, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು. ಡಯಾಟೋನಿಕ್ ಅನ್ನುತ್ತಾರೆ, ಬ್ಲೂಸ್ ಮಂದಿ ಸುಮ್ನೆ ಹಾರ್ಪ್ ಅನ್ನುತ್ತಾರೆ. ಕೇಳಿಕೊಂಡು ಅಂಗಡಿಗೆ ಹೋದೆ. ಗಾಜಿನ ಪೆಟ್ಟಿಗೆಯಿಂದ ಅದನ್ನು ತೆಗೆದ ಹುಡುಗ ಕೈಗೆ ಕೊಡುವ ಮೊದಲೇ, ‘ಬಾಯಿಗಿಟ್ಟರೆ ನಿಮ್ದೇ ಸಾರ್’ ಅಂದ. ಸರಿಯೇ ಅಲ್ವಾ, ಯಾರೋ ಎಂಜಲು ಮಾಡಿದ್ದನ್ನು ನಾನು ತಗೊಳ್ತೀನಾ? ಶೂ ಹಾಕಿ ನೋಡಬಹುದು, ಮಾವಿನಹಣ್ಣು ಮೂಸಿ ನೋಡಬಹುದು, ಇದನ್ನು ನೋಡುವಂತಿಲ್ಲ. ಬೆಲೆ ಕೇಳಿದಾಗ ಸಾವಿರಗಳಲ್ಲಿ ಹೇಳಿದ. ದೊಡ್ಡದಕ್ಕಿಂತ ಇದು ದುಬಾರಿ ಅಂತ ಮನೆಯಲ್ಲಿ ಹೇಗೆ ಹೇಳುವುದು?

‘ಯಾವ ಕೀ ಬೇಕು ಸಾರ್?’ ಅಂದ. ಕೀ ಅಂದರೆ ಶ್ರುತಿ, ಸಿ, ಡಿ, ಇ ಅಂತ ಅಕ್ಷರದಲ್ಲಿ ಹೇಳುತ್ತಾರೆ. ನನಗೆ ಅಲ್ಲಿಯವರೆಗೆ ಅದೊಂದು ಪ್ರಶ್ನೆ ಅಂತಲೇ ಗೊತ್ತಿರಲಿಲ್ಲ. ಎಲ್ಲರೂ ಹೇಳುವಂತೆ ಸಿ ಅಂದೆ. ತಂದೆ.

ಇಲ್ಲಿ ಒಂಚೂರು ಹಿಂದಕ್ಕೆ ಹೋಗಬೇಕು. ಜರ್ಮನಿಯ ಟ್ರೊಸಿಂಗನ್ ಎಂಬ ಊರಿನಲ್ಲಿ ಮಥಿಯಾಸ್ ಹೋನರ್ ಅಂತ ಗಡಿಯಾರ ಮಾಡುವವನೊಬ್ಬ 1857ರಲ್ಲಿ ಹಾರ್ಮೋನಿಕಾ, ಅಂದರೆ ಇದೇ ಮೌತ್ ಆರ್ಗನ್, ಮಾಡಲು ಶುರು ಮಾಡಿದ. ಅವನ ಕಂಪನಿಯ ‘ಮರೀನ್ ಬ್ಯಾಂಡ್’ ಬಂದದ್ದು 1896ರಲ್ಲಿ, ಇವತ್ತಿಗೂ ಅಂಗಡಿಯಲ್ಲಿದೆ. ಹತ್ತು ತೂತಿನ ಈ ವಾದ್ಯದ ಸ್ವರ ಜೋಡಣೆ ಯೂರೋಪಿನ ಹಳ್ಳಿ ಕುಣಿತದ ಹಾಡುಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಎಲ್ಲಿ ಊದಿದರೂ ಒಂದು ಕಾರ್ಡ್, ಅಂದರೆ ಒಟ್ಟಿಗೆ ಹೊಂದಿಕೊಂಡು ನುಡಿಯುವ ಸ್ವರಗಳ ಗುಂಪು, ಕೆಳಗಿನ ತೂತುಗಳಲ್ಲಿ ಉಸಿರೆಳೆದರೆ ಅದಕ್ಕೆ ಜೊತೆಯ ಇನ್ನೊಂದು ಕಾರ್ಡ್. ಈ ಅನುಕೂಲಕ್ಕೋಸ್ಕರ ಕೆಳಗಿನ ಸಪ್ತಕದಲ್ಲಿ ಎರಡು ಸ್ವರ ಬಿಟ್ಟೇಬಿಟ್ಟಿದ್ದಾರೆ. ಸಿ ಹಾರ್ಪಿನ ಸಿ ಅನ್ನು ಷಡ್ಜ ಅಂದುಕೊಂಡರೆ ಅಲ್ಲಿ ಮ ಇಲ್ಲ, ದ ಇಲ್ಲ. ಹಲ್ಲು ಬಿದ್ದ ಬಾಯಿ.

ಅಮೆರಿಕದ ದಕ್ಷಿಣದ ಕಪ್ಪು ಜನರ ಕೈಗೆ ಬಂದಾಗ ಅವರು ಇದನ್ನು ತಲೆಕೆಳಗು ಮಾಡಿದರು. ಊದುವುದನ್ನು ಬಿಟ್ಟು ಎಳೆಯುವುದನ್ನೇ ಮುಖ್ಯ ಮಾಡಿಕೊಂಡರು. ಎಳೆಯುವಾಗ ಬಾಯೊಳಗೆ ನಾಲಿಗೆಯ ಆಕಾರ ಬದಲಿಸಿದರೆ ಸ್ವರ ಕೆಳಕ್ಕೆ ಜಾರುತ್ತದೆ. ಬಿದ್ದ ಹಲ್ಲಿನ ಜಾಗದಲ್ಲಿ ಹೀಗೇ ಜಾರಿ ಬಂದ ಸ್ವರ ಕೂತಿತು. ಡಿಫೋರ್ಡ್ ಬೇಲಿ ಅನ್ನುವವರು 1927ರಲ್ಲಿ ರೈಲಿನ ಸದ್ದನ್ನು ಒಂದೇ ಹಾರ್ಪಿನಲ್ಲಿ ನುಡಿಸಿ ರೆಕಾರ್ಡ್ ಮಾಡಿದ್ದಾರೆ. ಕೇಳಿ ನೋಡಿ. ಮೊದಲು ನಿಧಾನಕ್ಕೆ ಚುಕುಬುಕು, ಆಮೇಲೆ ವೇಗ, ನಡುವೆ ದೂರದಿಂದ ಸೀಟಿ. ಉಸಿರು ಒಳಗೆ ಹೊರಗೆ ಆಡುವುದೇ ಅಲ್ಲಿ ಚಕ್ರ ಉರುಳುವುದು.

ನಾನು ಸಿ ಹಾರ್ಪ್ ತಂದು, ಸಿ ಕೀಯ ಗಿಟಾರ್ ಟ್ರ್ಯಾಕ್ ಹಾಕಿಕೊಂಡು ನುಡಿಸಿದೆ. ಸಿ ಗೆ ಸಿ, ಇನ್ನೇನು ಬೇಕು? ಶಾಲೆಯ ಪ್ರಾರ್ಥನೆ ಥರ ಕೇಳಿಸಿತು. ತಪ್ಪೇನೂ ಇರಲಿಲ್ಲ, ದುಃಖವೂ ಇರಲಿಲ್ಲ. ಅಮ್ಮ ಒಳಗಿನಿಂದ, ‘ಚೆನ್ನಾಗಿದೆ ಕಣೋ’ ಅಂದಳು. ಬ್ಲೂಸ್ ನುಡಿಸುವಾಗ ಅಮ್ಮಂದಿರು ಚೆನ್ನಾಗಿದೆ ಅಂದರೆ ಎಲ್ಲೋ ಎಡವಟ್ಟಾಗಿದೆ ಅಂತಲೇ ಅರ್ಥ.

ಗುಟ್ಟು ಏನೆಂದರೆ, ಸಿ ಹಾರ್ಪಿನಲ್ಲಿ ಬ್ಲೂಸ್‌ನವರು ಸಿ ನುಡಿಸುವುದೇ ಕಡಿಮೆ. ಎರಡನೇ ತೂತಿನಲ್ಲಿ ಎಳೆದರೆ ಬರುವ ಜಿ ಇದೆಯಲ್ಲ, ಅದನ್ನು ಷಡ್ಜ ಮಾಡಿಕೊಳ್ಳುತ್ತಾರೆ. ಇದಕ್ಕೆ ಕ್ರಾಸ್ ಹಾರ್ಪ್, ಸೆಕೆಂಡ್ ಪೊಸಿಷನ್ ಅಂತೆಲ್ಲ ಹೆಸರು. ಪಾಠ ಹೇಳುವವರು ಇದಕ್ಕೊಂದು ಚಕ್ರ ಬರೆದು ತೋರಿಸುತ್ತಾರೆ, ನನಗೆ ತಲೆ ತಿರುಗಿತು. ಆದರೆ ಚಿಕ್ಕಂದಿನಲ್ಲಿ ಎರಡು ವರ್ಷ ಅರೆಮನಸ್ಸಿನಿಂದ ಕಲಿತ ಸಂಗೀತ ಅವತ್ತು ಉಪಯೋಗಕ್ಕೆ ಬಂತು. ಇದು ಗ್ರಹಭೇದ ಅಲ್ವಾ! ಸಿ ಇಂದ ಸಿ ಗೆ ಹೋದರೆ ಶಂಕರಾಭರಣ ರಾಗದ ಸ್ವರಗಳು. ಅದೇ ಸ್ವರಗಳಲ್ಲಿ ಪಂಚಮವನ್ನೇ ಷಡ್ಜ ಮಾಡಿ ಕೂತರೆ ಹರಿಕಾಂಭೋಜಿ ರಾಗದ ಸ್ವರಗಳು, ನಿಷಾದ ಒಂದು ಮೆಟ್ಟಿಲು ಇಳಿದಿರುತ್ತದೆ. ಆ ಇಳಿದ ನಿಷಾದ ಬ್ಲೂಸ್‌ನ ಮನೆ ಬಾಗಿಲು. ಹಾಗಂತ ಬ್ಲೂಸ್ ಅಂದರೆ ಹರಿಕಾಂಭೋಜಿ ಅಂತ ಯಾರೂ ಹೊಡೆಯಲು ಬರಬೇಡಿ, ನಾನು ತೂತಿನ ಲೆಕ್ಕ ಹೇಳುತ್ತಿದ್ದೇನೆ, ಅಷ್ಟೆ. ಮಜಾ ಇರುವುದು ಮೂರನೇ ತೂತಿನಲ್ಲಿ. ಅಲ್ಲಿ ಎಳೆದರೆ ಅಂತರ ಗಾಂಧಾರ, ಅಂದರೆ ಮೇಲಿನ ಗ. ಒಂದು ಸ್ವಲ್ಪ ಬಗ್ಗಿಸಿದರೆ ಸಾಧಾರಣ ಗಾಂಧಾರ, ಕೆಳಗಿನ ಗ. ಬ್ಲೂಸ್ ಇವೆರಡರ ನಡುವೆ ಎಲ್ಲೋ ಓಲಾಡುತ್ತದೆ, ಪಿಯಾನೋದಲ್ಲಿ ಹುಡುಕಿದರೆ ಆ ಜಾಗವೇ ಇಲ್ಲ. ಗಮಕ ಕೇಳಿ ಬೆಳೆದ ಕಿವಿಗೆ ಅದು ಗೊತ್ತಾಗುತ್ತದೆ. ತುಟಿಗೆ ಗೊತ್ತಾಗಲು ನನಗೆ ಏಳು ತಿಂಗಳು ಹಿಡಿಯಿತು.

ಅಲ್ಲಿಗೆ ಹಾರ್ಪ್ ಆರಿಸುವುದು ಅಂದರೆ ಶ್ರುತಿ ಆರಿಸುವುದು ಅಂತಾಯಿತು. ಕೊಳಲಿನವರು ಶ್ರುತಿಗೊಂದರಂತೆ ಚೀಲದ ತುಂಬ ಕೊಳಲು ಇಟ್ಟುಕೊಳ್ಳುವುದಿಲ್ಲವೇ, ಹಾಗೆ. ಹಾಡಿನ ಮಧ್ಯಮ ಯಾವುದೋ ಆ ಹಾರ್ಪ್ ತಗೋಬೇಕು. ಗಿಟಾರಿನವನು ಇ ಅಂದ, ಅಂದರೆ ನಮ್ಮ ಯಕ್ಷಗಾನದ ಭಾಗವತರ ಲೆಕ್ಕದಲ್ಲಿ ಬಿಳಿ ಮೂರು, ಹಾರ್ಮೋನಿಯಂನ ಮೂರನೇ ಬಿಳಿ ಮನೆ ಅನ್ನಿ. ಸ ರಿ ಗ ಮ ಎಣಿಸಿದರೆ ಬಿಳಿ ಆರು, ಎ. ಎ ಹಾರ್ಪ್ ತೆಗಿ. ಜಿ ಅಂದರೆ ಸಿ ತೆಗಿ. ಚಕ್ರಗಿಕ್ರ ಏನೂ ಬೇಡ.

ಸಮಸ್ಯೆ ಏನೆಂದರೆ ಗಿಟಾರಿನವರಿಗೆ ಇ ಮತ್ತು ಎ ಅಂದರೆ ಪ್ರಾಣ, ತಂತಿ ಖಾಲಿ ಬಿಟ್ಟು ನುಡಿಸಬಹುದಲ್ಲ. ಹಾಗಾಗಿ ಎಲ್ಲರೂ ಮೊದಲು ಕೊಳ್ಳುವ ಸಿ, ನಾಲ್ಕು ಜನ ಕೂತಾಗ ಜೇಬಿನಲ್ಲೇ ಉಳಿಯುತ್ತದೆ. ಪಾಠಗಳೆಲ್ಲ ಸಿ ಯಲ್ಲೇ ಇರುತ್ತವೆ ಅನ್ನುವುದು ನಿಜ. ಆದರೂ ನನ್ನನ್ನು ಕೇಳಿದರೆ ಬ್ಲೂಸ್‌ಗೆ ಮೊದಲನೆಯದೇ ಎ ಆಗಲಿ. ಸಿ ಗಿಂತ ಕೆಳಗಿನ ದನಿ, ಮೆತ್ತಗಿನ ಕಂಬಳಿ ಥರ. 1952ರಲ್ಲಿ ಶಿಕಾಗೋದಲ್ಲಿ ಲಿಟಲ್ ವಾಲ್ಟರ್ ಎಂಬ ಹಾರ್ಪ್ ವಾದಕರು ಹಾಡೇ ಇಲ್ಲದ, ಬರೀ ಹಾರ್ಪಿನ ‘ಜೂಕ್’ ಅನ್ನುವ ಒಂದು ರೆಕಾರ್ಡ್ ಮಾಡಿದರು. ಅದು ಅಮೆರಿಕದ ಆರ್ ಅಂಡ್ ಬಿ, ಅಂದರೆ ರಿದಮ್ ಅಂಡ್ ಬ್ಲೂಸ್ ಜನಪ್ರಿಯ ರೆಕಾರ್ಡುಗಳ ಪಟ್ಟಿಯ ತುದಿಯಲ್ಲಿ ಎಂಟು ವಾರ ಕೂತಿತ್ತು. ಅದು ಇ ಯಲ್ಲಿದೆ, ನುಡಿಸಿದ್ದು ಎ ಹಾರ್ಪ್. ಮೈಕನ್ನೂ ಹಾರ್ಪನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದು ಆಂಪ್ಲಿಫೈಯರ್ ಗೊರಗೊರ ಅನ್ನುವಂತೆ ನುಡಿಸುವುದು ಅವರ ಶೈಲಿ. ಆ ದನಿ ಬೇಕೆಂದು ನಾನು ಹಳೇ ಟೇಪ್ ರೆಕಾರ್ಡರಿನ ಮೈಕ್ ಹುಡುಕಿದ ಕಥೆ ಇಲ್ಲಿ ಬೇಡ.

ಇನ್ನು ಮರವೋ ಪ್ಲಾಸ್ಟಿಕ್ಕೋ ಅನ್ನುವ ಜಗಳ. ಮರೀನ್ ಬ್ಯಾಂಡಿನ ನಡುವಿನ ಹಲಗೆ, ಕೋಂಬ್ ಅನ್ನುತ್ತಾರೆ, ಅದು ಮರದ್ದು. ಹಳೇ ದನಿಯ ಪ್ರೇಮಿಗಳು ಅದನ್ನು ಬಿಟ್ಟು ಕದಲುವುದಿಲ್ಲ. ಆದರೆ ಹಸಿ ಮರ ಎಂಜಲು ಕುಡಿದು ಉಬ್ಬಿದರೆ ತುಟಿಗೆ ಗರಗಸ ಉಜ್ಜಿದ ಹಾಗೆ. ಅದೇ ಕಂಪನಿಯ ‘ಸ್ಪೆಷಲ್ 20’ರಲ್ಲಿ ಕೋಂಬ್ ಪ್ಲಾಸ್ಟಿಕ್ಕಿನದು, ರೀಡ್ ತಗಡಿನ ಅಂಚು ತುಟಿಗೆ ತಾಗದಂತೆ ಒಳಗೆ ಕೂತಿರುತ್ತದೆ. ಜಪಾನಿನ ಸುಜುಕಿಯವರದ್ದೂ ಇದೆ. ಮರದಿಂದ ದನಿ ಬದಲಾಗುತ್ತದೆ ಅಂತ ಆಣೆ ಮಾಡುವವರು ಇದ್ದಾರೆ. ಕಣ್ಣು ಮುಚ್ಚಿ ಕೇಳಿದಾಗ ನನಗಂತೂ ವ್ಯತ್ಯಾಸ ತಿಳಿಯಲಿಲ್ಲ. ಗಾಳಿ ಸೋರಬಾರದು, ಅಷ್ಟೇ. ಸೋರಿದರೆ ಎರಡು ಸಾಲು ನುಡಿಸುವಷ್ಟರಲ್ಲಿ ಮೆಟ್ಟಿಲು ಹತ್ತಿದವರ ಹಾಗೆ ಏದುಸಿರು.

ದನಿಯನ್ನು ನಿಜವಾಗಿ ಬದಲಾಯಿಸುವುದು ಚುರುಮುರಿ. ಒಂದು ಭಾನುವಾರ ನಾಲ್ಕನೇ ತೂತು ಮೂಗು ಕಟ್ಟಿದಂತೆ ಗೊಂಯ್ ಅಂದು ನಿಂತೇಬಿಟ್ಟಿತು. ರೀಡ್ ಹೋಯಿತು, ಸಾವಿರಗಳು ಹೋದವು ಅಂದುಕೊಂಡು ಕನ್ನಡಕದ ಸ್ಕ್ರೂಡ್ರೈವರ್‌ನಿಂದ ಮುಚ್ಚಳ ಬಿಚ್ಚಿದೆ. ಒಳಗೆ ಹಿತ್ತಾಳೆ ರೀಡುಗಳು ಉದ್ದದಿಂದ ಗಿಡ್ಡಕ್ಕೆ ಸಾಲಾಗಿ ಮಲಗಿದ್ದವು, ಶಾಲೆಯಲ್ಲಿ ಎತ್ತರದ ಪ್ರಕಾರ ನಿಲ್ಲಿಸಿದ ಮಕ್ಕಳಂತೆ. ಬೆಳಕಿಗೆ ಹಿಡಿದರೆ ಪ್ರತಿ ರೀಡಿನ ಸುತ್ತ ಕೂದಲಿನಷ್ಟು ಬೆಳಕಿನ ಗೆರೆ. ನಾಲ್ಕನೆಯದಕ್ಕೆ ಆ ಗೆರೆ ಒಂದು ಕಡೆ ಇರಲಿಲ್ಲ. ಕಡಲೆಬೀಜದ ಕೆಂಪು ಸಿಪ್ಪೆ, ಅರ್ಧ ಅಕ್ಕಿಕಾಳಿನಷ್ಟು, ಅಲ್ಲಿ ಸಿಕ್ಕಿಕೊಂಡಿತ್ತು. ಪಿನ್ನಿನಿಂದ ರೀಡ್ ಮುಟ್ಟದ ಹಾಗೆ ಎತ್ತಿ ತೆಗೆದೆ. ಆವತ್ತಿನಿಂದ ಬಾಯಿ ಮುಕ್ಕಳಿಸದೆ ಅದನ್ನು ಮುಟ್ಟಿದರೆ ಕೇಳಿ. ಊಟಕ್ಕೆ ಮೊದಲು ಕೈ, ಹಾರ್ಪಿಗೆ ಮೊದಲು ಬಾಯಿ.

ಮೊನ್ನೆ ಗೆಳೆಯನ ಮನೆ ತಾರಸಿಯಲ್ಲಿ ಕೂತಿದ್ದೆವು. ಗಿಟಾರ್ ಇತ್ತು, ಹಾಡುವವನೊಬ್ಬನಿದ್ದ. ಒಂದು ಜೇಬಿನಲ್ಲಿ ಸಿ, ಇನ್ನೊಂದರಲ್ಲಿ ಎ ಇಟ್ಟುಕೊಂಡು ಯಾವುದಕ್ಕೂ ರೆಡಿ ಅನ್ನುವ ಗತ್ತಿನಲ್ಲಿ ಹೋಗಿದ್ದೆ. ‘ಎ ಯಲ್ಲಿ ಹಿಡೀತೀನಿ’ ಅಂದ ಗೆಳೆಯ. ಖುಷಿಯಿಂದ ಎ ತೆಗೆದು ಬಾಯಿಗಿಟ್ಟೆ. ಮತ್ತೆ ಶಾಲೆಯ ಪ್ರಾರ್ಥನೆ. ಬೆರಳು ಮಡಚಿ ಎಣಿಸಿದೆ, ಎ ಯ ಮಧ್ಯಮ ಡಿ. ಡಿ ನನ್ನ ಹತ್ತಿರ ಇರಲಿಲ್ಲ. ‘ಇ ಗೆ ಇಳಿಯೋ, ನಿನ್ನ ದಮ್ಮಯ್ಯ’ ಅಂದೆ. ಇಳಿದ. ಹಾಡುವವನಿಗೆ ಕೆಳಗೆ ಗಂಟಲು ಸಿಗಲಿಲ್ಲ, ಮೇಲೆ ಎತ್ತಿದರೆ ಪಕ್ಕದ ಮನೆಯ ನಾಯಿ ಜೊತೆ ಸೇರಿತು.

ಸೋಮವಾರ ಮತ್ತೆ ಅದೇ ಅಂಗಡಿ. ಹುಡುಗ ಗಾಜಿನ ಪೆಟ್ಟಿಗೆಯ ಬೀಗ ತೆಗೆಯುತ್ತಾ, ‘ಮನೇಲಿ ಹೇಳಿದ್ದೀರಾ ಸಾರ್?’ ಅಂದ.