ಹಾಕಿದ್ದನ್ನೇ ಮತ್ತೆ ಹಾಕು ಅನ್ನೋ ಎರರ್

ಹನ್ನೊಂದು ಸಾಲಿನ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ. ಅದನ್ನು ಓಡಿಸೋಕೆ ಮೂರು ರಾತ್ರಿ ನಿದ್ದೆಗೆಟ್ಟೆ. ಆ ಹನ್ನೊಂದು ಸಾಲಲ್ಲಿ ಒಂದು ತಪ್ಪಾದರೂ ಇದ್ದಿದ್ದರೆ ಇಷ್ಟು ಹೊಟ್ಟೆ ಉರೀತಿರಲಿಲ್ಲ.

ಸಾಗರದ ಕಡೆಯ ನಮ್ಮ ದೊಡ್ಡಪ್ಪ ಊರಿನ ಹಳೇ ಮಾತುಗಳನ್ನೆಲ್ಲ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದಾರೆ. ಸುಮಾರು 900 ಪದ. ಯಾರ ಹತ್ತಿರವೋ ಟೈಪ್ ಮಾಡಿಸಿ ನನಗೆ ಕಳಿಸಿ, "ಅಕಾರಾದಿ ಮಾಡಿಕೊಡು ಮಾರಾಯ, ನಿಂಗೆ ಎರಡು ನಿಮಿಷದ ಕೆಲಸ" ಅಂದರು. ನಾನೂ ಹಾಗೇ ಅಂದುಕೊಂಡೆ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಗೆ ಕೊಟ್ಟು ಸಾರ್ಟ್ (ಜೋಡಿಸು) ಅಂದರೆ ಮುಗೀತಲ್ಲ.

ಬಂತು ಪಟ್ಟಿ: ಬಲೆ, ಬಳೆ, ಬಸವ. ಒಂದನೇ ಕ್ಲಾಸಿನ ಮಗುವಿಗೂ ಗೊತ್ತು, ಳ ಬರೋದು ಹ ಆದ ಮೇಲೆ. ಆದರೆ ಕಂಪ್ಯೂಟರಿಗಾಗಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟಿರೋ ಯೂನಿಕೋಡ್ ಪಟ್ಟಿಯಲ್ಲಿ ಳ ಕೂತಿರೋದು ಲ ಪಕ್ಕದ ಮನೆಯಲ್ಲಿ, ವ, ಸ ಎಲ್ಲ ಅದರ ನಂತರ. ಬರೀ ಸಾರ್ಟ್ ಅಂದರೆ ಪೈಥಾನ್ ಆ ಸಂಖ್ಯೆಗಳನ್ನು ನೋಡುತ್ತೇ ಹೊರತು ನಮ್ಮ ವರ್ಣಮಾಲೆಯನ್ನಲ್ಲ. ಭಾಷೆಯ ಕ್ರಮ ಬಲ್ಲದ್ದು ಐಸಿಯು ಅನ್ನೋ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳೋ ಸಿದ್ಧ ಕೋಡು (ಆಸ್ಪತ್ರೆಯದಲ್ಲ, ಆದರೂ ಹೆಸರಿಟ್ಟವರಿಗೆ ಮುಂದಾಗೋದು ಗೊತ್ತಿತ್ತೇನೋ). ಪೈಥಾನಿಂದ ಅದನ್ನು ಮಾತಾಡಿಸೋಕೆ ಪೈಐಸಿಯು ಬೇಕು. ಸರಿ, ಪೈಥಾನಿನ ಪ್ಯಾಕೇಜುಗಳನ್ನು ತಂದು ಹಾಕೋದು ಪಿಪ್; ಪಿಪ್ ಇನ್‌ಸ್ಟಾಲ್ ಅಂತ ಹೊಡೆದೆ.

ಆಗಲ್ಲ ಅಂತು. ನನ್ನದು ಉಬುಂಟು 24.04 (ಲಿನಕ್ಸಿನ ಒಂದು ಬಗೆ). ಸಿಸ್ಟಮ್ಮಿನ ಪೈಥಾನನ್ನು ನೋಡಿಕೊಳ್ಳೋದು ಎಪಿಟಿ ಅನ್ನೋ ಉಬುಂಟುವಿನ ಇನ್‌ಸ್ಟಾಲರ್, ಅದರ ಮೇಲೆ ಪಿಪ್ ಕೈಯಾಡಿಸಬಾರದು ಅನ್ನೋ ನಿಯಮ ಈಗ ಇದೆ. ನಿಯಮ ಸರಿಯೇ, ಇಬ್ಬರು ಅಡುಗೆಯವರು ಒಂದೇ ಪಾತ್ರೆಗೆ ಉಪ್ಪು ಹಾಕಿದ ಕಥೆ ಮೊದಲು ನಾನೂ ಅನುಭವಿಸಿದ್ದೇನೆ. ಎಪಿಟಿಯಲ್ಲಿ 'ಪೈಥಾನ್3' ಅಂತ ಮುಂದೆ ಸೇರಿಸಿ ನಿನಗೆ ಬೇಕಾದ್ದರ ಹೆಸರು ಹಾಕಿ ನೋಡು ಅಂತ ಪಿಪ್ಪೇ ಹೇಳಿತು. ಪೈಥಾನ್3-ಪೈಐಸಿಯು ಅಂತ ಹಾಕಿದೆ. ಅಂಥದ್ದೊಂದು ಇಲ್ಲವೇ ಇಲ್ಲ ಅಂತು. ಈ ಸಾಲನ್ನು ನೆನಪಲ್ಲಿಟ್ಟುಕೊಳ್ಳಿ.

ಹಾಗಾದರೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡೋಣ ಅಂದೆ, ಅಂದರೆ ಸಿಸ್ಟಮ್ಮಿನದನ್ನು ಮುಟ್ಟದೆ ಪೈಥಾನಿಗೊಂದು ಬೇರೆ ಕೋಣೆ. ಅದಕ್ಕೂ ಬೇರೆ ಪ್ಯಾಕೇಜ್ ಹಾಕಬೇಕಂತೆ. ಹಾಕಿದೆ. ಒಳಗೆ ಹೋಗಿ ಮತ್ತೆ ಪಿಪ್. ಕಟ್ಟಿಟ್ಟ ಪ್ಯಾಕೆಟ್ ಬರಲಿಲ್ಲ, ಸೋರ್ಸ್, ಅಂದರೆ ಬರೆದಿಟ್ಟ ಮೂಲ ಕೋಡು, ಇಳೀತು. ಅದು ನನ್ನ ಮೆಷಿನ್ನಲ್ಲೇ ಕಂಪೈಲ್ ಆಗಿ ಓಡೋ ರೂಪಕ್ಕೆ ಬರಬೇಕು. ಪರದೆ ತುಂಬ ಕೆಂಪು. ಕೊನೆಗೆ ಪಿಪ್‌ನದ್ದೊಂದು ಟಿಪ್ಪಣಿ: ಈ ದೋಷ ಬಹುಶಃ ಪಿಪ್‌ನದ್ದಲ್ಲ. ತಾಲ್ಲೂಕು ಕಚೇರಿಯಲ್ಲಿ "ಅದು ನಮ್ಮ ಸೆಕ್ಷನ್ ಅಲ್ಲ ಸ್ವಾಮಿ" ಅಂತಾರಲ್ಲ, ಅದೇ ದನಿ.

ಆ ಕೆಂಪಿನ ಮಧ್ಯೆ ಹುಡುಕಿದರೆ ಇದ್ದದ್ದು ಒಂದು ಸಾಲು: ದಯವಿಟ್ಟು ಪಿಕೆಜಿ-ಕಾನ್ಫಿಗ್ ಇನ್‌ಸ್ಟಾಲ್ ಮಾಡಿ, ಇಲ್ಲವೇ ಐಸಿಯು ವರ್ಷನ್ ಎಷ್ಟು ಅಂತ ನೀವೇ ಹೇಳಿ. (ಯಾವ ಲೈಬ್ರರಿ ಎಲ್ಲಿದೆ, ಎಷ್ಟನೇ ವರ್ಷನ್ನು ಅಂತ ಹೇಳೋ ಸಾಧನ ಈ ಪಿಕೆಜಿ-ಕಾನ್ಫಿಗ್.)

ಪಿಕೆಜಿ-ಕಾನ್ಫಿಗ್ ಹಾಕಿದೆ. ಮತ್ತೆ ಓಡಿಸಿದೆ. ದಯವಿಟ್ಟು ಪಿಕೆಜಿ-ಕಾನ್ಫಿಗ್ ಇನ್‌ಸ್ಟಾಲ್ ಮಾಡಿ.

ಹಾಕಿದೀನಲ್ಲಯ್ಯಾ! ಟರ್ಮಿನಲ್ಲಲ್ಲಿ ಹೆಸರು ಹಿಡಿದು ಕರೆದರೆ ಓಗೊಡುತ್ತೆ. ತೆಗೆದು ಮತ್ತೆ ಹಾಕಿದೆ. ಮೆಷಿನ್ ಆಫ್ ಮಾಡಿ ಆನ್ ಮಾಡಿದೆ. ವರ್ಷನ್ ನಾನೇ ಹೇಳೋಣ ಅಂತ 74 ಅಂತ ಕೊಟ್ಟೆ, ಆಗ ಇನ್ನೊಂದು ಕಡೆ ಬಿತ್ತು. ಮೊದಲ ರಾತ್ರಿ ಹೀಗೇ ಕಳೀತು.

ಎರಡನೇ ರಾತ್ರಿ ತಲೆ ಕೆಟ್ಟು, ಆ ಪ್ಯಾಕೇಜಿನ ಸೆಟಪ್ ಫೈಲನ್ನೇ ತೆರೆದು ಓದಿದೆ. ಅಲ್ಲಿ ನಡೀತಿರೋದು ಇಷ್ಟೇ: ಪಿಕೆಜಿ-ಕಾನ್ಫಿಗ್ಗನ್ನು ಕರೆದು "ಐಸಿಯು ಎಷ್ಟನೇ ವರ್ಷನ್ನು" ಅಂತ ಕೇಳುತ್ತೆ. ಕರೆಯೋಕೆ ಆಳೇ ಸಿಗದಿದ್ದರೂ ಅದೇ ಸಂದೇಶ, ಆಳು ಬಂದು "ಐಸಿಯು ಕಾಣ್ತಿಲ್ಲ" ಅಂದರೂ ಅದೇ ಸಂದೇಶ! ಪಾಪ, ಅವನು ಬಂದು ನಿಜ ಹೇಳಿದ್ದಾನೆ, ಇವರು ಅದನ್ನು ನುಂಗಿ ನನಗೆ "ಆಳನ್ನು ಕರೆಸಿ" ಅಂತಿದ್ದಾರೆ.

ಇನ್ನೂ ಸಿಟ್ಟು ಬರೋ ವಿಷಯ, ಐಸಿಯು ನನ್ನ ಮೆಷಿನ್ನಲ್ಲಿ ಇತ್ತು. ಲಿಬ್ರೆ ಆಫೀಸ್ ನಡೆಯೋದೇ ಅದರ ಮೇಲೆ. ಆದರೆ ಓಡೋಕೆ ಬೇಕಾದ ಲೈಬ್ರರಿ ಬೇರೆ, ಕಂಪೈಲ್ ಮಾಡಿ ಕಟ್ಟೋಕೆ ಬೇಕಾದ, ಲೈಬ್ರರಿಯಲ್ಲಿ ಏನೇನಿದೆ ಅಂತ ಹೇಳೋ ಹೆಡರ್ ಫೈಲುಗಳು ಬೇರೆ. ಅವು ಲಿಬ್‌ಐಸಿಯು-ಡೆವ್ ಅನ್ನೋ ಇನ್ನೊಂದು ಪ್ಯಾಕೇಜಲ್ಲಿ, ಪಿಕೆಜಿ-ಕಾನ್ಫಿಗ್ ಓದೋ ಚೀಟಿಯೂ ಅದರಲ್ಲೇ. ಮುಂಡ ಮನೆಯಲ್ಲಿ, ರುಂಡ ಗೋದಾಮಲ್ಲಿ. ಇರಲಿ, ಎಲ್ಲರಿಗೂ ಹೆಡರ್ ಬೇಡ, ಜಾಗ ಉಳಿಯುತ್ತೆ, ಒಪ್ಪಿದೆ. ಆದರೆ "ಲಿಬ್‌ಐಸಿಯು-ಡೆವ್ ಬೇಕು" ಅಂತ ಒಂದು ಸಾಲು ಬರೆಯೋಕೆ ಕೈ ನೋಯ್ತಿತ್ತಾ?

ಆಮೇಲಿನದ್ದು ಮೆರವಣಿಗೆ. ಕಂಪೈಲ್ ಮಾಡೋ ಜಿ ಪ್ಲಸ್ ಪ್ಲಸ್ ಇಲ್ಲ. ಅದು ಬಂದ ಮೇಲೆ ಪೈಥಾನಿನದೇ ಹೆಡರ್ ಪೈಥಾನ್.ಎಚ್ ಇಲ್ಲ. ಏನೇನು ಬೇಕು ಅಂತ ಒಂದೇ ಸಲ ಹೇಳಲ್ಲ, ಒಂದೊಂದಕ್ಕೂ ಅಂಗಡಿಗೆ ಓಡಿಸುತ್ತೆ. ಮೂರನೇ ರಾತ್ರಿ ಒಂದೂವರೆಗೆ ಕಂಪೈಲ್ ಆಯ್ತು. ಸ್ಕ್ರಿಪ್ಟ್ ಓಡಿದ್ದು ಕಣ್ಣು ಮಿಟುಕಿಸೋದರೊಳಗೆ. ಬಲೆ, ಬಸವ, ಬಳೆ.

ಬೆಳಿಗ್ಗೆ ಆಫೀಸಲ್ಲಿ ಸಂಕಟ ಹೇಳಿಕೊಂಡೆ. ಪಕ್ಕದ ಸೀಟಿನ ಹುಡುಗ ಟೀ ಕುಡೀತಾ, "ಸರ್, ಎಪಿಟಿಯಲ್ಲಿ ಕಟ್ಟಿದ್ದೇ ಇದೆಯಲ್ಲಾ" ಅಂದ. ಹೆಸರು ಪೈಥಾನ್3-ಐಸಿಯು. ಪೈ ಇಲ್ಲ. ಹೆಸರಿನ ಮುಂದಿನ ಆ ಒಂದು 'ಪೈ' ಬಿಟ್ಟಿದ್ದರೆ ಮೊದಲ ರಾತ್ರಿ ಅರ್ಧ ನಿಮಿಷಕ್ಕೆ ಮುಗೀತಿತ್ತು.

ದೊಡ್ಡಪ್ಪನಿಗೆ ಪಟ್ಟಿ ಕಳಿಸಿ ಫೋನ್ ಮಾಡಿದೆ. "ಇಷ್ಟಕ್ಕೆ ಮೂರು ದಿನ ಬೇಕಾಯ್ತನಾ? ಚೀಟಿ ಹರಿದು ಜಗಲಿ ಮೇಲೆ ಜೋಡಿಸಿದ್ರೆ ನಾನೇ ಮಧ್ಯಾಹ್ನದೊಳಗೆ ಮುಗಿಸ್ತಿದ್ದೆ" ಅಂದರು. ಬಾಯಿ ಮುಚ್ಚಿಕೊಂಡು ಫೋನ್ ಇಟ್ಟೆ.