ಮುದ್ದೆ ಅಗಿದ ಅಳಿಯ

ಹುಳಿತೇಗು ನನಗೆ ಹನ್ನೆರಡು ವರ್ಷದ ಜೊತೆಗಾರ. ದಾವಣಗೆರೆಯಲ್ಲಿದ್ದುಕೊಂಡು ದಿನಾ ಸಂಜೆ ಮಂಡಕ್ಕಿ ಮಿರ್ಚಿ, ಭಾನುವಾರ ಬೆಳಿಗ್ಗೆ ಬೆಣ್ಣೆದೋಸೆ ಅಂತ ಬದುಕಿದವನಿಗೆ ಎದೆಯುರಿ ಬರದೆ ಇನ್ನೇನು ಬರುತ್ತೆ? ಮೂರು ದಿಂಬು ಇಟ್ಟು ಮಲಗಿದರೂ ನಡುರಾತ್ರಿ ಸಂಜೆಯ ಮಿರ್ಚಿ ಗಂಟಲಿಗೆ ಬಂದು ಹಾಜರಿ ಹಾಕುತ್ತಿತ್ತು. ಮಾತ್ರೆಗಳಿಗೆ ಬಗ್ಗಲಿಲ್ಲ. ಕೊನೆಗೆ ಆಪರೇಷನ್.

ಡಾಕ್ಟರು ಚಿತ್ರ ಬರೆದು ತೋರಿಸಿದರು. ಜಠರದ ಮೇಲ್ಭಾಗವನ್ನು ಎಳೆದು ಅನ್ನನಾಳದ ಬುಡಕ್ಕೆ ಮಫ್ಲರ್ ಥರ ಸುತ್ತಿ ಹೊಲಿಯೋದು. ಒಳಗೆ ಹೋದದ್ದು ಸುಲಭಕ್ಕೆ ಮೇಲೆ ಬರಲ್ಲ. ಈ ವಿದ್ಯೆಯನ್ನು 1956ರಲ್ಲಿ ಬರೆದು ಪ್ರಕಟಿಸಿದವರು ರುಡಾಲ್ಫ್ ನಿಸ್ಸೆನ್ ಎಂಬ ಸರ್ಜನ್. ಅದಕ್ಕೂ ಮುಂಚೆ, 1948ರಲ್ಲಿ, ಐನ್‌ಸ್ಟೈನ್ ಹೊಟ್ಟೆಯೊಳಗೆ ಉಬ್ಬಿದ್ದ ರಕ್ತನಾಳಕ್ಕೆ ಸೆಲೋಫೇನ್ ಸುತ್ತಿದ್ದೂ ಇವರೇ. ಸುತ್ತೋದರಲ್ಲಿ ಪಳಗಿದ ಕೈ.

"ಇನ್ನು ಸ್ವಲ್ಪ ದಿನ ತೇಗು ಬರಲ್ಲ ನೋಡ್ರಿ" ಅಂದರು. ತೇಗಿನಿಂದಲೇ ಬೇಸತ್ತವನು ನಾನು. ಖುಷಿಯಾಗಿಯೇ ಸಹಿ ಹಾಕಿದೆ.

ಹೊಟ್ಟೆಗೆ ಐದು ತೂತು, ನೋವು ಮಾತ್ರ ಭುಜಕ್ಕೆ. ಆಪರೇಷನ್ ಮಾಡುವಾಗ ಹೊಟ್ಟೆಗೆ ಗ್ಯಾಸ್ ತುಂಬಿಸಿರುತ್ತಾರಲ್ಲ, ಅದರ ಪ್ರಸಾದ. ಇದನ್ನು ಮಾತಾಡಿಸಲು ಬಂದವರಿಗೆಲ್ಲ ವಿವರಿಸಿ ಸುಸ್ತಾದೆ. "ಹೊಟ್ಟೆ ಅಂತ ಭುಜ ಕೊಯ್ದುಬಿಟ್ರೇನೋ" ಅಂತ ಚಿಕ್ಕಪ್ಪನಿಗೆ ಕೊನೆವರೆಗೂ ಅನುಮಾನ. ಅವರು ನನಗೆಂದು ತಂದಿದ್ದು ಒಂದು ಪೊಟ್ಟಣ ಖಾರ ಮಂಡಕ್ಕಿ. ನನಗೆ ಗಂಜಿ ತಿಳಿ, ಮಜ್ಜಿಗೆ ಬಿಟ್ಟು ಏನೂ ಇಲ್ಲ ಅಂತ ಗೊತ್ತಾದ ಮೇಲೆ, ವೇಸ್ಟ್ ಆಗಬಾರದು ಅಂತ ಅವರೇ ಮಂಚದ ಪಕ್ಕ ಕೂತು ಕುರುಂ ಕುರುಂ ಅಂತ ಮುಗಿಸಿ, ಒಂದು ದೊಡ್ಡ ತೇಗು ತೇಗಿ ಎದ್ದರು. ಜೀವನದಲ್ಲಿ ಮೊದಲ ಸಲ ಇನ್ನೊಬ್ಬರ ತೇಗು ನೋಡಿ ಹೊಟ್ಟೆ ಉರಿಯಿತು.

ಎರಡು ವಾರ ಕಳೆದ ಮೇಲೆ ಗಟ್ಟಿ ಪದಾರ್ಥಕ್ಕೆ ಬಡ್ತಿ ಸಿಕ್ಕಿತು. ಅಂದರೆ ಕಾಲು ಇಡ್ಲಿ, ಸಾರಲ್ಲಿ ಕಿವುಚಿ, ಅರ್ಧ ಗಂಟೆ. ಯಾವುದನ್ನೇ ತಿಂದರೂ ನುಣ್ಣಗೆ ಅಗಿಯಬೇಕು, ಸುತ್ತಿದ ಜಾಗ ಇನ್ನೂ ಊದಿರುತ್ತೆ ಅಂದಿದ್ದರು.

ಒಂದೂವರೆ ತಿಂಗಳಿಗೆ ಹೊಸದುರ್ಗದ ಕಡೆ ಅತ್ತೆ ಮನೆಗೆ ಹೋದೆವು. ಅತ್ತೆ ಬಿಸಿ ರಾಗಿಮುದ್ದೆ, ಹುರುಳಿಕಾಳು ಸಾರು ಮುಂದಿಟ್ಟರು. ಮೆತ್ತಗಿದೆಯಲ್ಲ ಅಂತ ನಾನೂ ಕೈ ಹಾಕಿದೆ. ಗೋಲಿಯಷ್ಟು ಮುರಿದು, ಸಾರಲ್ಲಿ ಹೊರಳಿಸಿ, ಬಾಯಿಗಿಟ್ಟು ಅಗಿಯತೊಡಗಿದೆ. ಪಂಕ್ತಿ ಪೂರ್ತಿ ತಣ್ಣಗಾಯಿತು. ಆ ಸೀಮೆಯಲ್ಲಿ ಮುದ್ದೆ ಅಗಿಯೋದು ಅಂದರೆ ಮದುವೆಮನೆಯಲ್ಲಿ ಚಾಕು ಫೋರ್ಕ್ ಕೇಳಿದ ಹಾಗೆ. ಬಾಮೈದನ ಮಗ ಬಾಯಿಬಿಟ್ಟೇ ಹೇಳಿದ: "ಮಾಮ, ಅದನ್ನ ನುಂಗ್ಬೇಕು."

ಮಾನ ಉಳಿಸಿಕೊಳ್ಳಲು ಒಂದು ತುತ್ತು ಗುಳುಂ ಮಾಡಿದೆ.

ಎದೆಯ ನಡುವೆ ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಬಾಯಿ ತುಂಬ ಜೊಲ್ಲು. ಅತ್ತೆ ನೀರಿನ ಚೊಂಬು ತಂದರು. ಅದನ್ನು ಕುಡಿದಿದ್ದರೆ ಮುದ್ದೆಯ ಮೇಲೆ ಕೆರೆ ಕಟ್ಟುತ್ತಿತ್ತು ಅಷ್ಟೇ. ಬೇಡ ಅಂತ ಕೈ ಆಡಿಸಿ ಹಿತ್ತಲಿಗೆ ಓಡಿದೆ. ಕರಿಬೇವಿನ ಗಿಡಕ್ಕೆ ಎಷ್ಟು ಸುತ್ತು ಹಾಕಿದೆನೋ ಲೆಕ್ಕವಿಲ್ಲ. "ಅಳಿಯಂದ್ರು ಹರಕೆ ಮಾಡ್ಕೊಂಡಿದಾರಾ?" ಅಂತ ಪಕ್ಕದ ಮನೆ ಅಜ್ಜಿ ಬೇಲಿಯಾಚೆಯಿಂದ ಕೇಳಿದರು. ಹದಿನೈದು ನಿಮಿಷಕ್ಕೆ ತುತ್ತು ಜಾರಿತು.

ಬೆವರು ಒರೆಸಿಕೊಂಡು ಬಂದು ಜಗಲಿಯಲ್ಲಿ ಕೂತೆ. ಅತ್ತೆಗೆ ಸಮಾಧಾನವಿಲ್ಲ. "ಒಂದು ತೇಗೂ ಬರಲಿಲ್ಲ, ಹೊಟ್ಟೆ ತುಂಬಿಲ್ಲ ನಿಮಗೆ. ಅರ್ಧ ಮುದ್ದೆ ತರ್ತೀನಿ ತಡೀರಿ" ಅಂತ ಒಳಗೆ ಹೊರಟರು.

ಮೇಲಿನ ದಾರಿ ಮುಚ್ಚಿದರೆ ಗಾಳಿ ಸುಮ್ನೆ ಇರುತ್ತಾ? ಬೇರೆ ದಾರಿ ಹಿಡಿಯಿತು. ಸಣ್ಣ ಸದ್ದೇನಲ್ಲ. ಹೆಂಡತಿ ಜೋರಾಗಿ ಕೆಮ್ಮಿ ನೋಡಿದಳು, ಸ್ವಲ್ಪ ತಡವಾಗಿತ್ತು.

ಕಣ್ಣುಮುಚ್ಚಿ ಮಲಗಿದ್ದ ಮಾವ, ಕಣ್ಣು ತೆರೆಯದೆಯೇ ಒಳಗೆ ಕೂಗಿ ಹೇಳಿದರು: "ಬೇಡ ಬಿಡೇ, ಅಳಿಯಂದ್ರಿಗೆ ತುಂಬ್ತು."