ಮನೆ ಖಾಲಿ ಮಾಡಿದ ಮೇಲೆ ಬಿಚ್ಚಿದ ಗಂಟು

2025ರ ಜನವರಿ. ಬೆಳಗ್ಗೆ ಕಾಫಿ ಇನ್ನೂ ಅರ್ಧ ಲೋಟ ಇಳಿದಿರಲಿಲ್ಲ, ಫೋನ್ ಟಣ್ ಅಂತು. ಬ್ರೆಂಟ್ ರೂಕರ್‌ಗೆ ಐದು ವರ್ಷಕ್ಕೆ 6 ಕೋಟಿ ಡಾಲರ್. ಕೊಟ್ಟವರು ಅವನ ಬೇಸ್‌ಬಾಲ್ ತಂಡ, ನಮ್ಮ ಓಕ್ಲೆಂಡ್ ಅಥ್ಲೆಟಿಕ್ಸ್. ಅಯ್ಯೋ ತಪ್ಪಾಯ್ತು. ಇನ್ನು ಓಕ್ಲೆಂಡ್ ಅನ್ನುವ ಹಾಗಿಲ್ಲ. ತಂಡ ಓಕ್ಲೆಂಡ್ ಬಿಟ್ಟು ಲಾಸ್ ವೇಗಸ್‌ಗೆ ಹೊರಟಿದೆ, ಅಲ್ಲಿಗೆ ಹೋಗುವ ಮುನ್ನ ಮೂರು ವರ್ಷ ಆಡುವ ಸ್ಯಾಕ್ರಮೆಂಟೊ ಊರಿನ ಹೆಸರನ್ನೂ ಹಾಕಿಕೊಳ್ಳುವುದಿಲ್ಲವಂತೆ. ಬರೀ ಅಥ್ಲೆಟಿಕ್ಸ್. ಊರಿನ ಇನಿಶಿಯಲ್ ಕಿತ್ತು ಬಿಸಾಕಿದ ಹೆಸರು.

ರೂಕರ್ ಮೇಲೆ ನನಗೆ ಒಂದು ಚೂರೂ ಬೇಜಾರಿಲ್ಲ. 2022ರ ಕೊನೆಯಲ್ಲಿ ಬೇರೆ ತಂಡದವರು ಬೇಡ ಅಂತ ಕೈಬಿಟ್ಟಿದ್ದ ಆಟಗಾರ. 2024ರಲ್ಲಿ 39 ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಇದ್ದ ಹಾಗೆ), 112 ಆರ್‌ಬಿಐ, ಅಂದರೆ ಅವನ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್ನು. ಅವನಿಗೆ ಎಷ್ಟು ಕೊಟ್ಟರೂ ಸರಿಯೇ. ನನ್ನ ತಕರಾರು ಒಂದೇ. ಈ ದುಡ್ಡು ಮೂರು ವರ್ಷದ ಹಿಂದೆ ಎಲ್ಲಿತ್ತು?

ಹಳೆಯ ಸ್ನೇಹಿತರಿಗೆ ನೆನಪಿರಬಹುದು, 2022ರ ಮಾರ್ಚ್‌ನಲ್ಲಿ ನಾನು ಇಲ್ಲೇ ಎಷ್ಟು ಕೂಗಾಡಿದ್ದೆ ಅಂತ. ಹಿಂದಿನ ವರ್ಷ 86 ಪಂದ್ಯ ಗೆದ್ದಿದ್ದ ತಂಡ ಅದು. ಅದರ ಮುಖ್ಯ ಆಟಗಾರರನ್ನೆಲ್ಲ ಬೇರೆ ತಂಡಗಳಿಗೆ ಕಳಿಸಿದರು. ಬ್ಯಾಸಿಟ್ ಹೋದ, ಓಲ್ಸನ್ ಹೋದ, ಚಾಪ್ಮನ್ ಹೋದ. ಏಪ್ರಿಲ್ ಶುರುವಿನಲ್ಲಿ ಮನಾಯಾನೂ ಹೋದ. ಒಂದು ತಿಂಗಳೂ ಆಗಿರಲಿಲ್ಲ. ಡಿಸೆಂಬರ್‌ನಲ್ಲಿ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಮರ್ಫಿಯನ್ನೂ ಕಳಿಸಿದರು. ಹಳೇ ಪಾತ್ರೆ ಹಾಕಿ ಪ್ಲಾಸ್ಟಿಕ್ ಬಕೆಟ್ ತಗೊಂಡ ಹಾಗೆ. ಆ ವರ್ಷ 102 ಸೋಲು, ಮುಂದಿನ ವರ್ಷ 112 ಸೋಲು. ಕೇಳಿದರೆ ದುಡ್ಡಿಲ್ಲ ಅನ್ನುವ ರಾಗ.

ಈಗ ನೋಡಿ. ಓಕ್ಲೆಂಡ್‌ನ ಬಾಗಿಲು ಹಾಕಿ ಮೂರು ತಿಂಗಳಾಗಿರಲಿಲ್ಲ, ಪಿಚರ್ (ಚೆಂಡು ಎಸೆಯುವವ) ಲೂಯಿಸ್ ಸೆವೆರಿನೋಗೆ ಮೂರು ವರ್ಷಕ್ಕೆ 6.7 ಕೋಟಿ! ಅಲ್ಲಿಯವರೆಗೆ ಈ ತಂಡದ ಚರಿತ್ರೆಯಲ್ಲೇ ಅತಿ ದೊಡ್ಡ ಒಪ್ಪಂದ. ಹಿಂದಿನ ದಾಖಲೆ 2004ರಲ್ಲಿ ಎರಿಕ್ ಚಾವೆಜ್‌ಗೆ ಕೊಟ್ಟ 6.6 ಕೋಟಿ. ಅದನ್ನು ದಾಟಲು ಇಪ್ಪತ್ತು ವರ್ಷ ಬೇಕಾಯಿತು, ದಾಟಿದ್ದು ಊರು ಬಿಟ್ಟ ಮೇಲೆ. ಅದರ ಬೆನ್ನಿಗೇ ಟ್ಯಾಂಪಾ ತಂಡದಿಂದ ಜೆಫ್ರಿ ಸ್ಪ್ರಿಂಗ್ಸ್ ಬಂದ. ಒಳ್ಳೆಯ ಎಡಗೈ ಪಿಚರ್. ಪಾಪ, ಸೆವೆರಿನೋ ನನಗೇನು ಮಾಡಿದ್ದಾನೆ? ಆದರೂ ಅವನ ಫೋಟೋ ಕಂಡರೆ ಉರಿಯುತ್ತದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಇದು ಪ್ರೀತಿಯಿಂದ ಬಿಚ್ಚಿದ ಗಂಟೂ ಅಲ್ಲ. ದೊಡ್ಡ ತಂಡಗಳ ಗಳಿಕೆಯಲ್ಲಿ ಚಿಕ್ಕ ತಂಡಗಳಿಗೆ ಪಾಲು ಬರುತ್ತದೆ. ಅದನ್ನು ತಂಡ ಕಟ್ಟಲು ಬಳಸಬೇಕು. ಇಲ್ಲದಿದ್ದರೆ ಆಟಗಾರರ ಸಂಘ ದೂರು ಕೊಡಬಹುದು. ಅಷ್ಟೇ. ಮಾಲೀಕ ಮಹಾಶಯರ ಹೆಸರು ಬರೆಯಲು ನನ್ನ ಕೀಬೋರ್ಡು ಒಪ್ಪುತ್ತಿಲ್ಲ, ಕ್ಷಮಿಸಿ.

"ಜನಾನೇ ಬರದಿದ್ರೆ ಅವ್ರೇನ್ ಮಾಡ್ತಾರೆ ಮಾರಾಯಾ? ಆ ಸ್ಟೇಡಿಯಂ ನೋಡಿದ್ದೀಯಾ?" ಅಂತಾನೆ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದ ಜೈಂಟ್ಸ್ ತಂಡದ ಅಭಿಮಾನಿ, ನನ್ನ ಗೆಳೆಯ. ನೋಡಿದ್ದೀನಪ್ಪಾ. ಚರಂಡಿ ನೀರು ಉಕ್ಕಿದ್ದು ಗೊತ್ತು, ಕಾಮೆಂಟರಿ ಕೋಣೆಯಲ್ಲಿ ಪಾಸಮ್ ಅನ್ನುವ ಕಾಡುಪ್ರಾಣಿ ಸಂಸಾರ ಹೂಡಿದ್ದೂ ಗೊತ್ತು. ಆದರೆ 2023ರ ಜೂನ್ 13, ಮಂಗಳವಾರ, ಅಷ್ಟೊಂದು ಸೋತಿದ್ದ ತಂಡವನ್ನು ನೋಡಲು 27,759 ಜನ ಬಂದರು. ಮೈಮೇಲೆ ಹಸಿರು ಅಂಗಿ, ಎದೆ ಮೇಲೆ ಮಾಲೀಕರಿಗೆ ಒಂದೇ ಪದ: 'ಮಾರು'. ಅಂದರೆ ತಂಡವನ್ನು ಮಾರಿಬಿಡು ಅಂತ. ಅದೇ ವಾರ ನೆವಾಡಾ ರಾಜ್ಯದವರು ಈ ತಂಡದ ಲಾಸ್ ವೇಗಸ್ ಸ್ಟೇಡಿಯಂಗೆ 38 ಕೋಟಿ ಡಾಲರ್‌ವರೆಗೆ ಸರ್ಕಾರಿ ದುಡ್ಡು ಕೊಡಲು ಒಪ್ಪಿದರು. ಊಟದಲ್ಲಿ ಹುಳ ಬಿಟ್ಟು, ಗಿರಾಕಿ ಬರಲ್ಲ ಅಂತ ಹೋಟೆಲ್ ಮುಚ್ಚಿದರೆ ಏನನ್ನಬೇಕು?

ಹಾಗಂತ ನಾನೇನು ಹರಿಶ್ಚಂದ್ರ ಅಲ್ಲ. ಕಳೆದ ಮೂರು ವರ್ಷದಲ್ಲಿ ನಾನು ಹೋಗಿದ್ದು ಎರಡೇ ಸಲ. ಫ್ರೀಮಾಂಟ್‌ನಿಂದ ಬಾರ್ಟ್ ರೈಲು ಹತ್ತಿದರೆ ಸ್ಟೇಡಿಯಂ ಬಾಗಿಲಲ್ಲೇ ಇಳಿಯಬಹುದು, ಆದರೂ. 2024ರ ಸೆಪ್ಟೆಂಬರ್ 26, ಓಕ್ಲೆಂಡ್‌ನ ಕೊನೆಯ ಪಂದ್ಯ, ಗುರುವಾರ ಮಧ್ಯಾಹ್ನ. 46,889 ಜನ ಸೇರಿದ್ದರು. ನಾನು ಮೀಟಿಂಗ್‌ನಲ್ಲಿ ಮೇಜಿನ ಕೆಳಗೆ ಫೋನ್ ಹಿಡಿದು ಕೂತಿದ್ದೆ. ಟೆಕ್ಸಸ್ ವಿರುದ್ಧ 3-2ರಿಂದ ಗೆದ್ದರು. ಕೊನೆಯಲ್ಲಿ ಮೇಸನ್ ಮಿಲ್ಲರ್ ನೂರು ಮೈಲಿ ವೇಗದಲ್ಲಿ ಎಸೆಯುತ್ತಿದ್ದಾನೆ, ಇತ್ತ ನಮ್ಮ ಆಫೀಸಿನ ಮ್ಯಾನೇಜರ್ "ಏನಾದರೂ ಪ್ರಶ್ನೆ ಇದೆಯಾ?" ಅಂತ ಕೇಳುತ್ತಿದ್ದಾರೆ. ಇತ್ತು, ಕೇಳಲಿಲ್ಲ.

ಇಷ್ಟಾಗಿಯೂ 2024 ಕೆಟ್ಟ ಸೀಸನ್ ಆಗಿರಲಿಲ್ಲ. 69 ಗೆಲುವು, 93 ಸೋಲು. ಹಿಂದಿನ ವರ್ಷಕ್ಕಿಂತ 19 ಗೆಲುವು ಜಾಸ್ತಿ. ಲಾರೆನ್ಸ್ ಬಟ್ಲರ್ ಜುಲೈನಲ್ಲಿ ಹೊಡೆದ ರೀತಿ ನೋಡಿ ನಾನೊಬ್ಬನೇ ಅಡುಗೆಮನೆಯಲ್ಲಿ ಕುಣಿದಿದ್ದೆ. ಅದೇ ಜಾಸ್ತಿ ಹೊಟ್ಟೆ ಉರಿಸುವುದು. ಗಿಡ ಚಿಗುರುವ ಹೊತ್ತಿಗೆ ಕುಂಡ ಎತ್ತಿಕೊಂಡು ಹೋದರು.

2024ರ ಡಿಸೆಂಬರ್ 20ಕ್ಕೆ ನಮ್ಮ ತಂಡದ ಹಳೆಯ ದಿಗ್ಗಜ ರಿಕಿ ಹೆಂಡರ್ಸನ್ ಕೂಡ ತೀರಿಹೋಗಿಬಿಟ್ಟರು. ಓಕ್ಲೆಂಡ್‌ನಲ್ಲೇ ಬೆಳೆದವರು, 1,406 ಬೇಸ್ ಕದ್ದವರು, ಅಂದರೆ ಎದುರಾಳಿಯ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡಿದವರು. ನಮ್ಮಮ್ಮ ಇಲ್ಲಿಗೆ ಬಂದಿದ್ದಾಗ ಸ್ಟೇಡಿಯಂನಲ್ಲಿ ಅವರ ಕಥೆ ಹೇಳಿದ್ದೆ. "ಕದ್ದರೂ ಚಪ್ಪಾಳೆ ಹೊಡೀತಾರಾ? ಒಳ್ಳೆ ಆಟ ಕಣೋ" ಅಂದಿದ್ದರು. ಈಗ ಇಡೀ ತಂಡವನ್ನೇ ಹೊತ್ತುಕೊಂಡು ಹೋಗಿದ್ದಾರೆ ಅಮ್ಮಾ, ಇದಕ್ಕೆ ಯಾರೂ ಚಪ್ಪಾಳೆ ಹೊಡೆದಿಲ್ಲ.

ಈ 2025ರ ಮಾರ್ಚ್ 31ಕ್ಕೆ ಸ್ಯಾಕ್ರಮೆಂಟೊದಲ್ಲಿ ಶಿಕಾಗೋದ ಕಬ್ಸ್ ತಂಡದ ವಿರುದ್ಧ ಮೊದಲ ಆಟವಂತೆ. ಮಗಳು ಆಗಲೇ ಕೇಳಿದಳು, ಹೋಗೋಣವಾ ಅಪ್ಪಾ ಅಂತ. ಸಾಧ್ಯವೇ ಇಲ್ಲ ಅಂದೆ. ಟಿಕೆಟ್ ರೇಟು ಎಷ್ಟಿದೆ ಅಂತ ಸುಮ್ನೆ ನೋಡಿದ್ದು, ಅಷ್ಟೇ.